ಮೋಟಾರು ಗಾಡಿಯ ಮಾರ್ಗದರ್ಶಿ ಯಂತ್ರ: ಅದರ ಚರಿತ್ರೆ, ಲಕ್ಷಣ ಮತ್ತು ವಿನಿಯೋಗ

ಪಯಣಿಗನಿಗೆ ಬೇಕಾದ ಅರಿವು ಎರಡು ಬಗೆಯದು. ತಾನು ಈಗ ಎಲ್ಲಿರುವೆನೆಂಬುದೊಂದು. ಸೇರಬೇಕಾದ ಊರಿಗೆ ಯಾವ ದಾರಿಯನ್ನು ಹಿಡಿಯಬೇಕೆಂಬುದು ಮತ್ತೊಂದು. ಮೊದಲನೆಯದನ್ನು ಸ್ಥಾನಜ್ಞಾನವೆಂದೂ ಎರಡನೆಯದನ್ನು ಮಾರ್ಗಜ್ಞಾನವೆಂದೂ ಕರೆಯಬಹುದು. ತೆರೆದ ಕಡಲಿನಲ್ಲಿ ನಾವಿಕನಿಗೆ ಮೊದಲನೆಯದು ದೊರೆತರೆ ಎರಡನೆಯದು ಬಹುಮಟ್ಟಿಗೆ ದೊರೆತಂತೆಯೇ ಸರಿ. ನೆಲದ ಮೇಲೆ ಹಾಗಲ್ಲ. ಅಲ್ಲಿ ಹೊಳೆಯುಂಟು, ಗುಡ್ಡವುಂಟು, ಬೇಲಿಯುಂಟು. ಕಣ್ಣೆದುರಿಗೆ ಕಾಣುವ ಊರಿಗೂ ಹರದಾರಿಗಟ್ಟಲೆ ಸುತ್ತಿ ಹೋಗಬೇಕಾದ ಸಂದರ್ಭವುಂಟು.

ಒಂದು ಗಾಡಿಯಿಂದ ತೆಗೆದು ಮತ್ತೊಂದರಲ್ಲಿ ಇರಿಸಬಹುದಾದ, ಅಂಗೈಯಗಲದ ಮಾರ್ಗದರ್ಶಿ ಯಂತ್ರವು ಯೂರೋಪು ಅಮೆರಿಕಗಳಲ್ಲಿ ಕ್ರಿ. ಶ. ೨೦೦೦ದಿಂದ ಮುಂದಿನ ಸುಮಾರು ಹತ್ತು ವರ್ಷಗಳ ಕಾಲ ಮನೆಮನೆಯ ವಸ್ತುವಾಗಿದ್ದು, ಅನಂತರ ಬೇಗನೆ ಹಿಂದೆ ಸರಿಯಿತು. ಇದು ಕೃತಕ ಉಪಗ್ರಹಗಳ ಸಂತಾನವೆಂಬುದು ಲೋಕಪ್ರಸಿದ್ಧವಾದ ಅಭಿಪ್ರಾಯ. ಆ ಅಭಿಪ್ರಾಯದಲ್ಲಿ ಸತ್ಯವುಂಟು. ಆದರೆ ಅದು ಪೂರ್ಣಸತ್ಯವಲ್ಲ. ಉಪಗ್ರಹಗಳು ಒದಗಿಸಿದ್ದು ಸ್ಥಾನಜ್ಞಾನವನ್ನು ಮಾತ್ರ. ಮಾರ್ಗಜ್ಞಾನವನ್ನು ಮನುಷ್ಯರು ಬೀದಿಬೀದಿಯನ್ನೂ ಸುತ್ತಿ, ಹೆಸರುಗಳನ್ನು ಬರೆದುಕೊಂಡು, ಭೂಪಟವಾಗಿ ಕೂಡಿಹಾಕಬೇಕಾಯಿತು. ಯಂತ್ರದ ಏಳುಬೀಳುಗಳಿಗೂ, ಅದನ್ನು ಆರಿಸಿಕೊಳ್ಳುವವನ ಲಾಭನಷ್ಟಗಳಿಗೂ ಈ ಎರಡನೆಯ ಅಂಗವೇ ಮುಖ್ಯ ಕಾರಣವೆಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

೧. ಪೂರ್ವರೂಪಗಳು

ಗಾಡಿಯ ಚಲನೆಯಿಂದಲೇ ದಿಕ್ಕನ್ನೋ ದೂರವನ್ನೋ ತಿಳಿಯುವ ಯತ್ನ ಬಹಳ ಹಳೆಯದು. ಕ್ರಿ. ಶ. ಮೂರನೆಯ ಶತಮಾನದಲ್ಲಿ ಚೀನದ ವೇಯ್ ರಾಜ್ಯದಲ್ಲಿದ್ದ ಮಾ ಜುನ್ ಎಂಬ ಶಿಲ್ಪಿಯು ‘ದಕ್ಷಿಣವನ್ನು ತೋರುವ ರಥ’ವನ್ನು ನಿರ್ಮಿಸಿದನೆಂದು ಆ ದೇಶದ ಗ್ರಂಥಗಳು ಹೇಳುತ್ತವೆ. ಅದರಲ್ಲಿ ಸೂಜಿಗಲ್ಲು ಇರಲಿಲ್ಲ. ಹಲ್ಲುಗಾಲಿಗಳು ರಥದ ಎರಡು ಚಕ್ರಗಳ ತಿರುವಿನಲ್ಲಿರುವ ವ್ಯತ್ಯಾಸವನ್ನು ಕಳೆಯುತ್ತಿದ್ದುದರಿಂದ, ರಥವು ಎತ್ತ ಹೊರಳಿದರೂ ಮೇಲಿನ ಗೊಂಬೆಯ ಕೈ ಒಂದೇ ದಿಕ್ಕಿಗೆ ಚಾಚಿರುತ್ತಿತ್ತು. ರೋಮಿನ ವಿಟ್ರೂವಿಯಸನು ಚಕ್ರದ ಸುತ್ತುಗಳಿಂದ ದಾರಿಯ ಉದ್ದವನ್ನು ಎಣಿಸುವ ಬಂಡಿಯನ್ನು ವರ್ಣಿಸಿದ್ದಾನೆ. ಇವೆರಡನ್ನೂ ಕೂಡಿಸಿದರೆ ಹೊರಟ ಸ್ಥಳದಿಂದ ಇಷ್ಟು ದೂರ, ಇಂಥ ದಿಕ್ಕು ಎಂಬ ಲೆಕ್ಕ ಸಿದ್ಧವಾಗುತ್ತದೆ. ಇದರ ದೋಷವೂ ಸ್ಪಷ್ಟವೇ: ಒಂದು ತಿರುವಿನಲ್ಲಿ ಆದ ಸಣ್ಣ ತಪ್ಪು ಮುಂದಿನ ಎಲ್ಲ ಲೆಕ್ಕಗಳಲ್ಲಿಯೂ ಉಳಿದು ಬೆಳೆಯುತ್ತ ಹೋಗುತ್ತದೆ.

ಮೋಟಾರು ಗಾಡಿ ಬಂದ ಮೇಲೆ ಮೊದಲು ಕಾಣಿಸಿಕೊಂಡ ಯಂತ್ರಗಳು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದುವು. ೧೯೦೯ರ ಸುಮಾರಿಗೆ ಅಮೆರಿಕದಲ್ಲಿ ಜೆ. ಡಬ್ಲ್ಯು. ಜೋನ್ಸನು ‘ಲೈವ್ ಮ್ಯಾಪ್’ ಎಂಬ ಉಪಕರಣವನ್ನು ಮಾರಾಟಕ್ಕಿಟ್ಟನು. ಗುಂಡಗಿನ ಕಾಗದದ ತಟ್ಟೆಯ ಅಂಚಿನಲ್ಲಿ ಸುಮಾರು ನೂರು ಮೈಲಿಗಳ ದಾರಿಯ ತಿರುವುಗಳು ಅಚ್ಚಾಗಿರುತ್ತಿದ್ದುವು. ಗಾಡಿಯ ಚಕ್ರಕ್ಕೆ ಜೋಡಿಸಿದ ತಂತಿ ಆ ತಟ್ಟೆಯನ್ನು ಮೆಲ್ಲನೆ ತಿರುಗಿಸುತ್ತಿತ್ತು. ದಾರಿ ಮುಗಿದರೆ ತಟ್ಟೆಯನ್ನು ಬದಲಿಸಬೇಕು. ೧೯೨೦ರ ದಶಕದಲ್ಲಿ ಬ್ರಿಟನ್ನಿನಲ್ಲಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸುರುಳಿ ನಕ್ಷೆಯೂ, ೧೯೩೦ರ ಸುಮಾರಿಗೆ ಇಟಲಿಯಲ್ಲಿ ಗಾಡಿಯ ವೇಗಕ್ಕೆ ಸರಿಯಾಗಿ ಸುರುಳಿ ಬಿಚ್ಚಿಕೊಳ್ಳುವ ‘ಇಟರ್ ಆಟೊ’ವೂ ಬಂದುವು. ಇವೆಲ್ಲ ಮಾರ್ಗವನ್ನು ಬಲ್ಲವು, ಸ್ಥಾನವನ್ನು ಅರಿಯವು. ಪಯಣಿಗನು ಗೊತ್ತಾದ ದಾರಿಯನ್ನು ಬಿಟ್ಟು ಒಂದು ಓಣಿಯಷ್ಟು ಸರಿದರೂ ತಟ್ಟೆ ತನ್ನ ಪಾಡಿಗೆ ತಾನು ತಿರುಗುತ್ತಲೇ ಇರುತ್ತಿತ್ತು.

ಸ್ಥಾನವನ್ನೂ ಮಾರ್ಗವನ್ನೂ ಒಂದೇ ಗಾಡಿಯಲ್ಲಿ ಕೂಡಿಸುವ ಯತ್ನಗಳಲ್ಲಿ ಎರಡು ಗಣ್ಯವಾದುವು. ೧೯೮೧ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ‘ಎಲೆಕ್ಟ್ರೊ ಗೈರೊಕೇಟರ್’ ಎಂಬುದನ್ನು ಹೊರತಂದಿತು. ತಿರುವನ್ನು ಅರಿಯುವ ಒಂದು ಗೈರೊಸ್ಕೋಪು, ದೂರವನ್ನು ಅಳೆಯುವ ಚಕ್ರಮಾಪಕ, ಬೆಳಗುವ ತೆರೆ, ಆ ತೆರೆಯ ಮುಂದೆ ಜಾರಿಸಿ ಇಡುವ ಪಾರದರ್ಶಕ ನಕ್ಷೆ, ಇವೇ ಅದರ ಅಂಗಗಳು. ನಕ್ಷೆಯನ್ನು ಕೈಯಿಂದಲೇ ಸರಿಹೊಂದಿಸಬೇಕಾಗಿತ್ತು.

ಎರಡನೆಯದು ೧೯೮೫ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೊರಬಂದ ‘ಈಟಾಕ್’ ಯಂತ್ರ. ಇದರ ನಿರ್ಮಾತೃವಾದ ಸ್ಟ್ಯಾನ್ ಹನಿ ಎಂಬವನು ನೌಕಾಯಾನದಲ್ಲಿ ನುರಿತವನು. ಶಾಂತಸಾಗರದ ಕ್ಯಾರೊಲೈನ್ ದ್ವೀಪಗಳ ನಾವಿಕರು ತಮ್ಮ ದೋಣಿ ನಿಂತಲ್ಲಿಯೇ ನಿಂತಿರುವುದೆಂದೂ ದ್ವೀಪಗಳೇ ಪಕ್ಕದಿಂದ ಹಿಂದಕ್ಕೆ ಸರಿಯುತ್ತಿರುವುವೆಂದೂ ಭಾವಿಸಿ ದೂರವನ್ನು ಎಣಿಸುತ್ತಿದ್ದರು. ಆ ಪದ್ಧತಿಗೆ ಅವರ ನುಡಿಯಲ್ಲಿ ‘ಈಟಾಕ್’ ಎಂದು ಹೆಸರು. ಹೊಸ ಯಂತ್ರದ ತೆರೆಯಲ್ಲಿಯೂ ಗಾಡಿಯ ಗುರುತು ನಡುವೆ ನಿಂತಿದ್ದು ನಕ್ಷೆಯೇ ಅದರ ಸುತ್ತ ತಿರುಗಿ ಸರಿಯುತ್ತಿದ್ದಿತು. ಇಂದು ಎಲ್ಲ ಯಂತ್ರಗಳಲ್ಲಿಯೂ ಕಾಣುವ ಈ ಕ್ರಮಕ್ಕೆ ಹೆಸರು ದ್ವೀಪವಾಸಿಗಳಿಂದ ಬಂದುದೆಂಬುದು ಸ್ಮರಣೀಯ. ನಕ್ಷೆಯು ಕ್ಯಾಸೆಟ್ಟಿನ ಸುರುಳಿಗಳಲ್ಲಿ ತುಂಬಿರುತ್ತಿತ್ತು. ಗಾಡಿಯು ಬೀದಿಯಲ್ಲದೆ ಬೇರೆಡೆ ಇರಲಾರದೆಂಬ ಊಹೆಯ ಮೇಲೆ, ಲೆಕ್ಕದಲ್ಲಿ ಕೂಡಿಬಂದ ತಪ್ಪನ್ನು ಪ್ರತಿಯೊಂದು ತಿರುವಿನಲ್ಲಿಯೂ ನಕ್ಷೆಯ ಸಹಾಯದಿಂದ ತಿದ್ದಿಕೊಳ್ಳುತ್ತಿದ್ದುದು ಇದರ ವಿಶೇಷ. ಅಂದರೆ ಉಪಗ್ರಹದ ನೆರವು ಲೇಶವೂ ಇಲ್ಲದೆ, ಭೂಪಟದ ಬಲದಿಂದಲೇ ಸ್ಥಾನಜ್ಞಾನವು ಸಾಧ್ಯವಾಯಿತು.

೨. ಉಪಗ್ರಹಗಳ ಕೊಡುಗೆ

ಅಮೆರಿಕದ ಸೇನೆಯು ತನ್ನ ಪ್ರಯೋಜನಕ್ಕಾಗಿ ರಚಿಸಿದ ‘ಗ್ಲೋಬಲ್ ಪೊಸಿಷನಿಂಗ್ ಸಿಸ್ಟಂ’ ಎಂಬ ವ್ಯವಸ್ಥೆಯ ಮೊದಲನೆಯ ಉಪಗ್ರಹವು ೧೯೭೮ರ ಫೆಬ್ರವರಿ ೨೨ರಂದು ಮೇಲೇರಿತು. ಈ ಉಪಗ್ರಹಗಳು ನೆಲದಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಾವಿರುವ ಎಡೆಯನ್ನೂ ತಮ್ಮ ಗಡಿಯಾರದ ಹೊತ್ತನ್ನೂ ಸಾರುತ್ತಿರುತ್ತವೆ. ಸಂಕೇತವು ಬಂದು ಮುಟ್ಟಲು ತಗುಲಿದ ಕಾಲದಿಂದ ದೂರವನ್ನು ಗಣಿಸಬಹುದು. ಮೂರು ದೂರಗಳಿಂದ ಸ್ಥಾನವು ನಿರ್ಣಯವಾಗುತ್ತದೆ. ಯಂತ್ರದೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ಕಳೆಯಲು ನಾಲ್ಕನೆಯ ಉಪಗ್ರಹವೊಂದು ಬೇಕು. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ಸ್ಥಾನದಲ್ಲಿ ಸುಮಾರು ೩೦೦ ಮೀಟರು ತಪ್ಪುತ್ತದೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಮೇಲಿನ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು ೩೮ ಮೈಕ್ರೊಸೆಕೆಂಡು ಮುಂದೆ ಹೋಗುವುದರಿಂದ ಅದನ್ನೂ ಸರಿಪಡಿಸಲಾಗಿದೆ.

ಈ ವ್ಯವಸ್ಥೆಯು ಸಾಮಾನ್ಯರ ಕೈಗೆ ಬಂದುದಕ್ಕೆ ಒಂದು ದುರಂತವು ಕಾರಣವಾಯಿತು. ೧೯೮೩ರ ಸೆಪ್ಟೆಂಬರ್ ೧ರಂದು ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿತಪ್ಪಿ ಸೋವಿಯತ್ ದೇಶದ ಆಕಾಶವನ್ನು ಹೊಕ್ಕು ಹೊಡೆತಕ್ಕೆ ಸಿಕ್ಕಿ ಬಿದ್ದಿತು. ೨೬೯ ಮಂದಿ ಸತ್ತರು. ಅದೇ ತಿಂಗಳಿನಲ್ಲಿ ಅಧ್ಯಕ್ಷ ರೇಗನರ ಸರಕಾರವು, ವ್ಯವಸ್ಥೆಯು ಸಿದ್ಧವಾದ ಬಳಿಕ ಲೋಕದವರೆಲ್ಲರಿಗೂ ಉಚಿತವಾಗಿ ದೊರೆಯುವುದೆಂದು ಘೋಷಿಸಿತು. ಆದರೆ ಸಾಮಾನ್ಯರಿಗೆ ದೊರೆತ ಸಂಕೇತವನ್ನು ಬೇಕೆಂದೇ ಕೆಡಿಸಲಾಗುತ್ತಿದ್ದುದರಿಂದ ಸ್ಥಾನದಲ್ಲಿ ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. ಹೊಲದ ನಡುವೆ ನೂರು ಮೀಟರು ಅಲ್ಪ. ಪೇಟೆಯಲ್ಲಿ ಅದು ಎರಡು ಬೀದಿಗಳ ಅಂತರ. ಅಧ್ಯಕ್ಷ ಕ್ಲಿಂಟನರ ಆಜ್ಞೆಯಂತೆ ೨೦೦೦ದ ಮೇ ತಿಂಗಳ ಮೊದಲಲ್ಲಿ ಈ ಕೆಡಿಸುವಿಕೆ ನಿಂತುಹೋಗಿ, ತಪ್ಪು ಇಪ್ಪತ್ತು ಮೀಟರಿಗೂ ಕಡಿಮೆಯಾಯಿತು. ಸ್ಥಾನಜ್ಞಾನವು ಒಂದೇ ಇರುಳಿನಲ್ಲಿ ಎಲ್ಲರ ಸೊತ್ತಾಯಿತೆಂದರೆ ಅತಿಶಯೋಕ್ತಿಯಾಗದು.

೩. ಕೈಯಂತ್ರದ ಕಾಲ

ಗಾಡಿಯಲ್ಲಿಯೇ ಕೂಡಿಸಿದ ಉಪಗ್ರಹ ಮಾರ್ಗದರ್ಶಿಯು ೧೯೯೦ರಲ್ಲಿಯೇ ಜಪಾನಿನ ಮಾಜ್ದಾ ಸಂಸ್ಥೆಯ ‘ಯೂನೋಸ್ ಕಾಸ್ಮೊ’ ಗಾಡಿಯಲ್ಲಿ ಕಾಣಿಸಿಕೊಂಡಿತು. ಅದು ಸಿರಿವಂತರ ವಸ್ತು. ಗಾಡಿಯನ್ನು ಬದಲಿಸದೆ ಕೊಳ್ಳಬಹುದಾದ ಕೈಯಂತ್ರಗಳಲ್ಲಿ ಗಾರ್ಮಿನ್ ಸಂಸ್ಥೆಯ ‘ಸ್ಟ್ರೀಟ್ ಪೈಲಟ್’ ೧೯೯೮ರಲ್ಲಿಯೂ, ಹಾಲೆಂಡಿನ ಟಾಮ್‌ಟಾಮ್ ಸಂಸ್ಥೆಯ ‘ಗೋ’ ೨೦೦೪ರಲ್ಲಿಯೂ, ಗಾರ್ಮಿನ್ನಿನ ‘ನೂವಿ’ ೨೦೦೫ರಲ್ಲಿಯೂ ಬಂದುವು. ೨೦೦೪ರಲ್ಲಿ ಹೊರಬಂದ ‘ಸರ್ಫ್ ಸ್ಟಾರ್ ಮೂರು’ ಎಂಬ ಸೂಕ್ಷ್ಮಗ್ರಾಹಿಯಾದ ಚಿಪ್ಪು, ಮರಗಳ ನೆರಳಿನಲ್ಲಿಯೂ ಕಟ್ಟಡಗಳ ನಡುವೆಯೂ ಕ್ಷೀಣವಾದ ಸಂಕೇತವನ್ನು ಹಿಡಿಯಬಲ್ಲುದಾಗಿ ಈ ಯಂತ್ರಗಳಿಗೆ ಬಲಕೊಟ್ಟಿತು.

ಅತಿ ಕಡಿಮೆ ದೂರದ ದಾರಿಯನ್ನು ಕಂಡುಹಿಡಿಯುವ ಗಣಿತಕ್ರಮವನ್ನು ಎಡ್ಸ್‌ಗರ್ ಡೈಕ್‌ಸ್ಟ್ರ ಎಂಬ ವಿದ್ವಾಂಸನು ೧೯೫೬ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಯೋಚಿಸಿ ೧೯೫೯ರಲ್ಲಿ ಪ್ರಕಟಿಸಿದ್ದನು. ಟಾಮ್‌ಟಾಮ್ ಸಂಸ್ಥೆಯು ೧೯೯೧ರಲ್ಲಿ ಹುಟ್ಟಿದುದೂ ಅದೇ ನಗರದಲ್ಲಿಯೇ. ಗಣಿತವೂ ಉಪಗ್ರಹವೂ ಎಲ್ಲರಿಗೂ ಬಿಟ್ಟಿಯಾಗಿ ದೊರೆಯುತ್ತಿದ್ದುದರಿಂದ, ಒಬ್ಬ ತಯಾರಕನಿಗೂ ಮತ್ತೊಬ್ಬನಿಗೂ ಇದ್ದ ವ್ಯತ್ಯಾಸವು ಮುಖ್ಯವಾಗಿ ನಕ್ಷೆಯಲ್ಲಿ ಉಳಿಯಿತು. ಯೂರೋಪು ಅಮೆರಿಕಗಳ ಬೀದಿಗಳನ್ನು ಈ ಉಪಯೋಗಕ್ಕೆ ತಕ್ಕಂತೆ ಅಳೆದು ಇಟ್ಟುಕೊಂಡಿದ್ದ ದೊಡ್ಡ ಸಂಸ್ಥೆಗಳು ಎರಡೇ: ನ್ಯಾವ್‌ಟೆಕ್ ಮತ್ತು ಟೆಲಿ ಅಟ್ಲಾಸ್. ಈಟಾಕಿನ ಭೂಪಟಗಳು ೨೦೦೦ದಲ್ಲಿ ಟೆಲಿ ಅಟ್ಲಾಸಿನ ವಶವಾಗಿದ್ದುವು. ೨೦೦೮ರಲ್ಲಿ ಟಾಮ್‌ಟಾಮ್ ಸಂಸ್ಥೆಯು ಸುಮಾರು ೨೯೦ ಕೋಟಿ ಯೂರೊಗಳನ್ನು ತೆತ್ತು ಟೆಲಿ ಅಟ್ಲಾಸನ್ನು ಕೊಂಡಿತು. ಅದೇ ವರ್ಷ ನೋಕಿಯ ಸಂಸ್ಥೆಯು ಸುಮಾರು ೮೧೦ ಕೋಟಿ ಡಾಲರುಗಳಿಗೆ ನ್ಯಾವ್‌ಟೆಕ್ಕನ್ನು ಕೊಂಡಿತು. ಮಾರ್ಗಜ್ಞಾನದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

೪. ಯಂತ್ರದ ಲಕ್ಷಣವೂ ಉಪಸಾಧನಗಳೂ

ಮೇಲಿನ ಚರಿತ್ರೆಯಿಂದ ಆಯ್ಕೆಯ ನಿಯಮವು ತಾನಾಗಿ ಹೊರಡುತ್ತದೆ. ಕೊಳ್ಳುವವನು ಮೊದಲು ವಿಚಾರಿಸತಕ್ಕದ್ದು ನಕ್ಷೆಯನ್ನು: ಯಾವ ಯಾವ ದೇಶಗಳದು, ಯಾವ ವರ್ಷದ್ದು, ತಿದ್ದುಪಡಿಗೆ ತೆರಬೇಕಾದ ಹಣವೆಷ್ಟು ಎಂಬುದನ್ನು. ಅಗ್ಗದ ಯಂತ್ರವನ್ನು ಕೊಂಡವರು ಎರಡು ವರ್ಷಗಳ ತಿದ್ದುಪಡಿಗೆ ಯಂತ್ರದ ಬೆಲೆಗೆ ಸಮೀಪವಾದ ಹಣವನ್ನು ತೆರುವ ಪ್ರಸಂಗವುಂಟು. ತಯಾರಕರು ‘ಆಜೀವ ತಿದ್ದುಪಡಿ’ ಎಂದು ಮಾತು ಕೊಟ್ಟಾಗ ಆ ಜೀವವು ಕೊಂಡವನದಲ್ಲ, ಯಂತ್ರದ ಉಪಯುಕ್ತ ಕಾಲ ಮಾತ್ರವೆಂಬುದು ಕರಾರಿನಲ್ಲಿ ಅಡಗಿರುತ್ತದೆ. ೨೦೧೮ರಲ್ಲಿ ಟಾಮ್‌ಟಾಮ್ ಸಂಸ್ಥೆಯು ತನ್ನ ಕೆಲವು ಹಳೆಯ ಯಂತ್ರಗಳಿಗೆ ಹೊಸ ನಕ್ಷೆಯನ್ನು ನಿಲ್ಲಿಸಿದಾಗ ಈ ಅರ್ಥವಿವಾದವು ಬಹಿರಂಗಕ್ಕೆ ಬಂದಿತು. ಉಪಗ್ರಹಗಳ ವಾರಗಣನೆಯಲ್ಲಿಯೂ ಹಳೆಯ ಯಂತ್ರಗಳಿಗೆ ಒಂದು ಗಂಡಾಂತರವುಂಟು. ಸಂಕೇತವು ೧೦೨೪ ವಾರಗಳನ್ನು ಮಾತ್ರ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತದೆ. ೧೯೮೦ರ ಜನವರಿಯಲ್ಲಿ ಆರಂಭವಾದ ಎಣಿಕೆ ೧೯೯೯ರ ಆಗಸ್ಟಿನಲ್ಲಿಯೂ ೨೦೧೯ರ ಏಪ್ರಿಲಿನಲ್ಲಿಯೂ ಹೀಗೆ ಮರಳಿತು. ಆದುದರಿಂದ ಹಳೆಯದನ್ನು ಕೊಳ್ಳುವವರು ಅದು ತೋರಿಸುವ ತಾರೀಖು ಸರಿಯಾಗಿದೆಯೇ ಎಂದು ನೋಡುವುದು ಒಳ್ಳೆಯದು.

ಎರಡನೆಯದು ತೆರೆಯ ಗುಣ. ಅಗಲಕ್ಕಿಂತಲೂ ಬಿಸಿಲಿನಲ್ಲಿ ಓದಲು ಬರುವ ಕಾಂತಿ ಮುಖ್ಯ. ಮೂರನೆಯದು ಧ್ವನಿ: ಬರಿದೆ ‘ಎಡಕ್ಕೆ ತಿರುಗಿರಿ’ ಎನ್ನುವುದಕ್ಕಿಂತ ಬೀದಿಯ ಹೆಸರನ್ನೂ ಹೇಳುವ ಯಂತ್ರವು, ಚಾಲಕನ ಕಣ್ಣನ್ನು ತೆರೆಯ ಕಡೆಗೆ ಎಳೆಯದೆ ಇರುವುದರಿಂದ, ಲೇಸು.

ಉಪಸಾಧನಗಳಲ್ಲಿ ಹಿಡಿಕೆಯು ಪ್ರಧಾನ. ಮುಂಗಾಜಿಗೆ ಅಂಟಿಕೊಳ್ಳುವ ರಬ್ಬರಿನ ಬಟ್ಟಲು ಸಾಮಾನ್ಯವಾದುದು; ಗಾಜನ್ನೂ ಬಟ್ಟಲನ್ನೂ ಒರಸಿ ಅಂಟಿಸದಿದ್ದರೆ ಬೇಸಗೆಯಲ್ಲಿ ಕಳಚಿಬೀಳುತ್ತದೆ. ಗಾಜಿನ ಮೇಲೆ ಉಳಿದ ದುಂಡನೆಯ ಗುರುತು ಕಳ್ಳನಿಗೆ ಸೂಚನೆಯಾಗುವುದರಿಂದ, ಇಳಿಯುವಾಗ ಯಂತ್ರವನ್ನು ಮರೆಮಾಡಿದರೆ ಸಾಲದು, ಗುರುತನ್ನೂ ಅಳಿಸಬೇಕು. ಚಾಲಕನ ನೋಟಕ್ಕೆ ಅಡ್ಡಿಯಾಗುವುದೆಂದು ಕೆಲವು ಸೀಮೆಗಳ ಕಾನೂನು ಗಾಜಿನ ಮೇಲೆ ಏನನ್ನೂ ಅಂಟಿಸಗೊಡದು. ಕ್ಯಾಲಿಫೋರ್ನಿಯದಲ್ಲಿ ೨೦೦೯ರಿಂದ ಗಾಜಿನ ಕೆಳಮೂಲೆಗಳಲ್ಲಿ ಮಾತ್ರ, ಚಾಲಕನ ಪಕ್ಕದಲ್ಲಿ ೫ ಅಂಗುಲ, ಮತ್ತೊಂದು ಪಕ್ಕದಲ್ಲಿ ೭ ಅಂಗುಲ ಚೌಕದೊಳಗೆ, ಅವಕಾಶ ದೊರೆಯಿತು. ಅಂಥಲ್ಲಿ ಮರಳನ್ನೋ ಕಾಳನ್ನೋ ತುಂಬಿದ ಚೀಲದ ಹಿಡಿಕೆಯನ್ನು ಗಾಡಿಯ ಮುಂಹಲಗೆಯ ಮೇಲೆ ಇರಿಸುವ ಪದ್ಧತಿಯುಂಟು. ಸಿಗರೇಟು ಹೊತ್ತಿಸುವ ಕುಳಿಯಿಂದ ವಿದ್ಯುತ್ತನ್ನು ತರುವ ತಂತಿ ಅವಶ್ಯಕ. ಒಳಗಿನ ಬ್ಯಾಟರಿ ಕೆಲವು ಗಂಟೆಗಳಿಗಷ್ಟೇ ಸಾಕು, ಬಿಸಿಲಿನಲ್ಲಿ ನಿಂತ ಗಾಡಿಯ ಸೆಕೆಗೆ ಅದು ಕೆಡುತ್ತದೆ. ಕಾವನ್ನು ತಡೆಯಲು ಲೋಹದ ತೆಳುಪದರವನ್ನು ಬಳಿದ ಗಾಜುಗಳು ಸಂಕೇತವನ್ನೂ ತಡೆಯುವುದರಿಂದ, ಅಂಥ ಗಾಡಿಗಳಿಗೆ ಹೊರಗಿರಿಸುವ ಆಂಟೆನಾ ಬೇಕಾಗುತ್ತಿತ್ತು.

೫. ವಿನಿಯೋಗವೂ ವಿವೇಕವೂ

ಸೇರಬೇಕಾದ ಸ್ಥಳವನ್ನು ಗಾಡಿ ಹೊರಡುವ ಮೊದಲೇ ನಮೂದಿಸಬೇಕು. ಬಹುಕಾಲ ಆರಿಸಿಟ್ಟಿದ್ದ ಯಂತ್ರವು ಉಪಗ್ರಹಗಳ ಪಂಚಾಂಗವನ್ನು ಹೊಸದಾಗಿ ಓದಿಕೊಳ್ಳಬೇಕಾಗುವುದರಿಂದ ಅದಕ್ಕೆ ಬಯಲಿನಲ್ಲಿ ಕೆಲವು ನಿಮಿಷಗಳ ಬಿಡುವನ್ನು ಕೊಡಬೇಕು. ಪೂರ್ಣ ಪಂಚಾಂಗವು ಬಂದು ಮುಗಿಯಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಇದು ಸುಲಭವಾದ ವಿಧಿ. ಕಠಿನವಾದುದು ಯಂತ್ರವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು. ಅಮೆರಿಕದ ‘ಡೆತ್ ವ್ಯಾಲಿ’ ಎಂಬ ಮರುಭೂಮಿಯಲ್ಲಿ, ಬಹುಕಾಲದ ಹಿಂದೆಯೇ ಪಾಳುಬಿದ್ದ ದಾರಿಗಳನ್ನು ನಕ್ಷೆಗಳು ತೋರಿಸಿದುದರಿಂದ ಪಯಣಿಗರು ದಿಕ್ಕುಗೆಟ್ಟರು. ಯಂತ್ರವೊಂದನ್ನೇ ನಂಬಿ ಬರಬಾರದೆಂದು ಆ ಉದ್ಯಾನದ ಅಧಿಕಾರಿಗಳು ಎಚ್ಚರಿಸುತ್ತಾರೆ. ಅಲ್ಲಿ ಉಪಗ್ರಹವು ತಪ್ಪಲಿಲ್ಲ. ಪಯಣಿಗನು ನಿಂತಿದ್ದ ಎಡೆಯನ್ನು ಅದು ಸರಿಯಾಗಿಯೇ ಹೇಳಿತು. ತಪ್ಪಿದುದು ನಕ್ಷೆ.

ಇದಕ್ಕೆ ಪ್ರತಿಯಾಗಿ ಲಂಡನ್ನಿನ ಬಾಡಿಗೆಗಾಡಿಯ ಚಾಲಕರನ್ನು ಹೇಳಬಹುದು. ಚಾರಿಂಗ್ ಕ್ರಾಸಿನ ಸುತ್ತ ಆರು ಮೈಲಿಗಳೊಳಗಿನ ಸುಮಾರು ೨೫,೦೦೦ ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯನ್ನು ಕೊಟ್ಟಲ್ಲದೆ ಅವರಿಗೆ ಅನುಮತಿ ದೊರೆಯದು. ೨೦೦೦ದಲ್ಲಿ ಎಲಿನರ್ ಮಗ್ವೈರ್ ಮೊದಲಾದವರು ಪ್ರಕಟಿಸಿದ ಸಂಶೋಧನೆಯಲ್ಲಿ ಈ ಚಾಲಕರ ಮೆದುಳಿನ ಹಿಪೊಕ್ಯಾಂಪಸ್ ಎಂಬ ಅಂಗದ ಹಿಂಭಾಗವು ಇತರರದಕ್ಕಿಂತ ದೊಡ್ಡದಾಗಿರುವುದು ಕಂಡುಬಂದಿತು. ಕೈಯಂತ್ರವು ಹರಡತೊಡಗಿದ ವರ್ಷವೂ, ದಾರಿಯ ಅರಿವು ದೇಹದಲ್ಲಿಯೇ ಗುರುತನ್ನು ಉಳಿಸುವುದೆಂದು ತಿಳಿದ ವರ್ಷವೂ ಒಂದೇ ಆದುದು ಗಮನಾರ್ಹ.

೬. ಹೆಸರುಗಳ ಪ್ರಶ್ನೆ

ಮಾರ್ಗಜ್ಞಾನದಲ್ಲಿ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಅಂಶವುಂಟು, ಅದು ಸ್ಥಳನಾಮ. ಸ್ಥಾನಜ್ಞಾನದ ಚರಿತ್ರೆಯಲ್ಲಿ ಕನ್ನಡನಾಡಿಗೆ ಗೌರವದ ಎಡೆಯೇ ಇದೆ. ವಿಲಿಯಂ ಲ್ಯಾಂಬ್‌ಟನ್ನನು ಮುಂದೆ ಭಾರತವನ್ನೆಲ್ಲ ವ್ಯಾಪಿಸಿದ ತ್ರಿಕೋಣ ಮೋಜಣಿಗೆ ಮುನ್ನುಡಿಯಾಗಿ ೧೮೦೦ರಲ್ಲಿ ಆಧಾರರೇಖೆಯನ್ನು ಅಳೆದುದು ಬೆಂಗಳೂರಿನ ಬಳಿಯಲ್ಲಿ. ಭಾರತದ ಸ್ವಂತ ಉಪಗ್ರಹ ವ್ಯವಸ್ಥೆಯಾದ ‘ನಾವಿಕ್’ದ ಮೊದಲನೆಯ ಉಪಗ್ರಹವು ೨೦೧೩ರ ಜುಲೈ ೧ರಂದು ಮೇಲೇರುವುದಕ್ಕೆ ಮುಂಚೆಯೇ ಅದರ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಸ್ಥಾಪಿತವಾಯಿತು. ಆದರೆ ಹೆಸರುಗಳ ವಿಷಯದಲ್ಲಿ ಸ್ಥಿತಿ ಹೀಗಿಲ್ಲ. ಯಂತ್ರಗಳ ನಕ್ಷೆಗಳಲ್ಲಿ ನಮ್ಮ ಊರುಗಳು ಸೇರಿದುದು ರೋಮನ್ ಲಿಪಿಯಲ್ಲಿ. ಆ ಲಿಪಿಯ ರೂಢಿಯ ಬರವಣಿಗೆಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ನಕಾರ ಣಕಾರಗಳಿಗೆ ಭೇದವಿಲ್ಲ, ಹ್ರಸ್ವ ದೀರ್ಘಗಳಿಗೂ ಭೇದವಿಲ್ಲ. ‘ಹಳ್ಳಿ’ಯೂ ‘ಹಲ್ಲಿ’ಯೂ ಅದರಲ್ಲಿ ಒಂದೇ. ಮೇಲುಕೋಟೆ, ತಲಕಾಡು, ಶ್ರವಣಬೆಳಗೊಳಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುತ್ತಿದ್ದುದರಿಂದ, ಯಂತ್ರದಲ್ಲಿರುವ ಅಕ್ಷರಸಂಯೋಜನೆಯನ್ನು ಊಹಿಸದ ಪಯಣಿಗನಿಗೆ ಊರು ಸಿಕ್ಕದೆ ಹೋಗುವುದು ಸಹಜ. ೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಅನುಗುಣವಾಗಿ ತಿದ್ದಲಾಯಿತು. ಅದಕ್ಕಿಂತ ಹಿಂದಿನ ನಕ್ಷೆಗೆ ಬೆಳಗಾವಿಯೂ ಕಲಬುರಗಿಯೂ ಅಪರಿಚಿತ.

ಒಂದೇ ಹೆಸರಿನ ಊರುಗಳು ಹಲವಿರುವುದು ಮತ್ತೊಂದು ತೊಡಕು. ಬೆಂಗಳೂರಿನ ತೆಂಕಣಕ್ಕೆ ಒಂದು ಬೇಗೂರು, ಗುಂಡ್ಲುಪೇಟೆಯ ತಾಲ್ಲೂಕಿನಲ್ಲಿ ಒಂದು ಬೇಗೂರು. ದಾರಿಯಲ್ಲಿ ಕೇಳಿದರೆ ಹಳ್ಳಿಗನು ‘ಯಾವ ಬೇಗೂರು?’ ಎಂದು ಮರುಪ್ರಶ್ನೆ ಹಾಕಿಯಾನು; ಯಂತ್ರವು ಪಟ್ಟಿಯಲ್ಲಿ ಮೊದಲು ಬಂದುದನ್ನು ತೋರಿಸಿ ಸುಮ್ಮನಾಗಬಹುದು. ಸುಮಾರು ಕ್ರಿ. ಶ. ೮೯೦ರ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ದೊರೆತುದು ಈ ಮೊದಲನೆಯ ಬೇಗೂರಿನಲ್ಲಿಯೇ. ಸ್ಥಳನಾಮಗಳ ನಿಜರೂಪಕ್ಕೆ ಶಾಸನವೇ ಸಾಕ್ಷಿಯಾದ ನಾಡಿನಲ್ಲಿ, ಅವು ಯಂತ್ರಗಳಲ್ಲಿ ರೂಪಗೆಟ್ಟು ನಿಲ್ಲುವುದು ಉಪೇಕ್ಷಿಸತಕ್ಕ ವಿಷಯವಲ್ಲ.

೭. ಉಪಸಂಹಾರ

೨೦೦೯ರ ಅಕ್ಟೋಬರ್ ೨೮ರಂದು ಗೂಗಲ್ ಸಂಸ್ಥೆಯು ಸಂಚಾರಿ ದೂರವಾಣಿಯಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಅನುಕೂಲವನ್ನು ಬಿಟ್ಟಿಯಾಗಿ ಕೊಡುವೆನೆಂದು ಸಾರಿತು. ಅಂದೇ ಗಾರ್ಮಿನ್, ಟಾಮ್‌ಟಾಮ್ ಸಂಸ್ಥೆಗಳ ಷೇರುಗಳ ಬೆಲೆ ಬಹಳ ಇಳಿಯಿತು. ೨೦೦೦ದಲ್ಲಿ ಸ್ಥಾನಜ್ಞಾನವು ಬಿಟ್ಟಿಯಾದಾಗ ಹುಟ್ಟಿದ ವ್ಯಾಪಾರವು, ಮಾರ್ಗಜ್ಞಾನವೂ ಬಿಟ್ಟಿಯಾದಾಗ ಕುಗ್ಗಿತು. ದೂರವಾಣಿಯ ಸಂಪರ್ಕವಿಲ್ಲದ ಸೀಮೆಗಳಿಗೂ, ಸೇತುವೆಯ ಎತ್ತರವನ್ನೂ ತೂಕದ ಮಿತಿಯನ್ನೂ ನೋಡಿ ದಾರಿಯನ್ನು ಆರಿಸಬೇಕಾದ ಭಾರದ ಲಾರಿಗಳಿಗೂ ಕೈಯಂತ್ರವು ಇಂದಿಗೂ ಉಪಯುಕ್ತವಾಗಿ ಉಳಿದಿದೆ.

ಆದರೆ ಯಂತ್ರವು ಬದಲಾದರೂ ನಕ್ಷೆಯ ಪ್ರಶ್ನೆ ಬದಲಾಗಿಲ್ಲ. ೨೦೧೮ರಲ್ಲಿ ಗೂಗಲ್ ನಕ್ಷೆಯು ಕನ್ನಡದಲ್ಲಿಯೂ ದಾರಿ ಹೇಳತೊಡಗಿತು. ೨೦೨೧ರಲ್ಲಿ ರೋಮನ್ ಲಿಪಿಯಲ್ಲಿದ್ದ ಹೆಸರುಗಳನ್ನು ಗಣಕದ ಮೂಲಕ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಲಿಪ್ಯಂತರಿಸುವ ಕ್ರಮವು ಬಂದಿತು. ಕನ್ನಡದ ಹೆಸರು ಪರಲಿಪಿಗೆ ಹೋಗಿ, ಅಲ್ಲಿ ತನ್ನ ಳಕಾರವನ್ನೂ ದೀರ್ಘವನ್ನೂ ಕಳೆದುಕೊಂಡು, ಊಹೆಯ ಬಲದಿಂದ ಮತ್ತೆ ಕನ್ನಡಕ್ಕೆ ಮರಳುವ ಸುತ್ತುದಾರಿ ಇದು. ಊಹೆ ತಪ್ಪಿದೆಡೆ ತಪ್ಪು ರೂಪವೇ ಲಕ್ಷಾಂತರ ಜನರ ಕಣ್ಣಿಗೂ ಕಿವಿಗೂ ಬೀಳುವುದರಿಂದ, ಕಾಲಕ್ರಮದಲ್ಲಿ ಅದೇ ರೂಢಿಯಾಗುವ ಶಂಕೆಯುಂಟು. ಇದನ್ನು ಸರಿಪಡಿಸುವ ಸಾಮಗ್ರಿ ನಾಡಿನಲ್ಲಿಯೇ ಇದೆ: ಕಂದಾಯದ ಗ್ರಾಮಪಟ್ಟಿಗಳು, ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು, ಸ್ಥಳನಾಮಗಳನ್ನು ಕುರಿತ ವಿದ್ವಾಂಸರ ಸಂಗ್ರಹಗಳು. ತಾಲ್ಲೂಕು ತಾಲ್ಲೂಕಿಗೆ ಇವನ್ನು ನಕ್ಷೆಯ ಹೆಸರುಗಳೊಡನೆ ಹೋಲಿಸಿ ಶುದ್ಧರೂಪದ ಪಟ್ಟಿಯನ್ನು ಸಿದ್ಧಪಡಿಸುವುದು ಶಾಲೆ ಕಾಲೇಜುಗಳ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಅಳವಟ್ಟ ಕೆಲಸ. ಲ್ಯಾಂಬ್‌ಟನ್ನನ ಸರಪಳಿಯಿಂದ ಆರಂಭವಾದ ನಾಡಿನ ಅಳತೆಯಲ್ಲಿ ಇನ್ನೂ ಮುಗಿಯದೆ ಉಳಿದಿರುವ ಭಾಗವಿದು. ಇದಕ್ಕೆ ಉಪಗ್ರಹವು ನೆರವಾಗಲಾರದು.